ಇವರ ಮಾರು, ಯಂತ್ರದ ಮಾರು

ಫೆಬ್ರವರಿ ೪

ಇವತ್ತು ಎರಡನೇ ಬಲೆಯೂ ಹೋಯಿತು. ಅರ್ಧ ಬಂಡೆಗೆ ಸಿಕ್ಕಿಕೊಂಡು ತಳದಲ್ಲೇ ಉಳಿಯಿತು, ಉಳಿದರ್ಧ ಚಿಂದಿಯಾಗಿ ನಮ್ಮ ಕೈಗೆ ಬಂತು. ಇವರು ಅದನ್ನು ದೋಣಿಯ ಮೂಲೆಗೆ ತಳ್ಳಿ, ಎಂಜಿನ್ ಶುರು ಮಾಡಿ, ದೋಣಿಯನ್ನು ದಡಕ್ಕೆ ತಿರುಗಿಸಿದರು.

ಈ ಡೈರಿ ಐಸ್ ಕಾರ್ಖಾನೆಯವರು ಬಿಟ್ಟಿ ಕೊಟ್ಟದ್ದು. ಒಂದು ತಿಂಗಳಿಂದ ಬಿಸಿ ಪಾತ್ರೆ ಇಡಲು ಬಳಸುತ್ತಿದ್ದೆ, ರಟ್ಟಿನ ಮೇಲೆ ದುಂಡಗೆ ಕಲೆಯಾಗಿದೆ. ಬರೆಯುವ ಅಭ್ಯಾಸ ನನಗಿಲ್ಲ. ಆದರೆ ಈ ಮಾತನ್ನು ಯಾರಿಗಾದರೂ ಹೇಳಿದರೆ ಸಂಜೆಯೊಳಗೆ ದೋಣಿ ಕಟ್ಟುವ ಜೆಟ್ಟಿಗೆಲ್ಲ ಹಬ್ಬುತ್ತದೆ, ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬರಿಸುತ್ತದೆ. ಅದಕ್ಕೇ ಇಲ್ಲಿ.

ನಮ್ಮದು ಇಬ್ಬರ ದೋಣಿ. ಇವರು ಮುಂದೆ, ನಾನು ಹಿಂದೆ. ಎಲ್ಲಿಗೆ ಹೋಗಬೇಕು, ಎಲ್ಲಿ ಬಲೆ ಬಿಡಬೇಕು ಎಲ್ಲ ಇವರದು. ಬಲೆ ಜೋಡಿಸುವುದು, ಮೀನು ಬಿಡಿಸುವುದು, ಚಹಾ ಕಾಯಿಸುವುದು ನನ್ನದು. ಮದುವೆಯಾಗಿ ಮೂವತ್ತೊಂದು ವರ್ಷ, ಮೂವತ್ತೊಂದು ವರ್ಷವೂ ಹೀಗೇ. ನೀರಿನ ಆಳ ನೋಡುವುದಕ್ಕೆ ಇವರ ಬಳಿ ಇರುವುದು ಒಂದು ಸೀಸದ ಗುಂಡು, ಒಂದು ಹಗ್ಗ. ಗುಂಡು ತಳ ಮುಟ್ಟಿದ ಮೇಲೆ ಎರಡೂ ಕೈ ಚಾಚಿ ಚಾಚಿ ಹಗ್ಗ ಎಳೆದುಕೊಳ್ಳುತ್ತಾ ಎಣಿಸುತ್ತಾರೆ. ಕೈ ಪೂರ್ತಿ ಚಾಚಿದರೆ ಒಂದು ಮಾರು. ಎಣಿಸಿ ಮುಗಿದ ಮೇಲೆ ಮೊದಲು "ಮಾರು" ಎಂದು ಗಟ್ಟಿಯಾಗಿ ಕೂಗಿ, ಸ್ವಲ್ಪ ಬಿಟ್ಟು ಸಂಖ್ಯೆ ಹೇಳುತ್ತಾರೆ. ಆ ಮಧ್ಯದ ಹೊತ್ತಿನಲ್ಲಿ ನಾನು ಬಲೆ ಹಿಡಿದು ಕಾಯಬೇಕು. ಹಗ್ಗಕ್ಕೆ ಗುರುತು ಕಟ್ಟಿಕೊಳ್ಳಿ ಅಂತ ಹೊಸದರಲ್ಲಿ ಒಮ್ಮೆ ಹೇಳಿದ್ದೆ. "ಹಗ್ಗ ನೆನೆದ್ರೆ ಹಿಗ್ಗುತ್ತೆ ಕಣೇ. ಕೈ ಹಿಗ್ಗುತ್ತಾ?" ಅಂದಿದ್ದರು. ಆಮೇಲೆ ನಾನು ಆ ಮಾತೆತ್ತಲಿಲ್ಲ.

ನಾವು ಹೋಗುವ ಜಾಗಕ್ಕೆ ಅಜ್ಜಿಬೆನ್ನು ಅಂತ ಹೆಸರು, ನೀರೊಳಗಿನ ದಿಬ್ಬ. ದಡದ ನೀರಿನ ಟ್ಯಾಂಕು ಹೆಂಚಿನ ಕಾರ್ಖಾನೆಯ ಚಿಮಣಿಯ ಹಿಂದೆ ಮರೆಯಾದರೆ ದಿಬ್ಬದ ಸಾಲಿಗೆ ಬಂದೆವು ಎಂದರ್ಥ. ಅಲ್ಲಿಂದ ಮುಂದೆ ಆಳ ನೋಡಿಕೊಂಡೇ ಹೋಗಬೇಕು. ಹದಿನಾಲ್ಕು ಮಾರಿಗೆ ಬಂಡೆ, ಹದಿನಾರು ಮಾರಿಗೆ ಕೆಸರು. ಮೀನು ಇರುವುದು ಕೆಸರಿನ ಕಡೆ. ಇವತ್ತು ಇವರು ಕೂಗಿದ್ದು ಹದಿನಾರು, ನಾನು ಕಿವಿಯಾರೆ ಕೇಳಿದ್ದೇನೆ. ಬಲೆ ಬಿದ್ದದ್ದು ಬಂಡೆಯ ಮೇಲೆ.

ಫೆಬ್ರವರಿ ೬

ಮೊನ್ನೆ ರಾತ್ರಿ ಮಗಳಿಗೆ ಫೋನ್ ಮಾಡಿದೆ. ಅವಳು ದೂರದ ಆಸ್ಪತ್ರೆಯೊಂದರಲ್ಲಿ ನರ್ಸು. ಬಲೆಯ ವಿಷಯ ಕೇಳಿದವಳೇ, "ಅಮ್ಮಾ, ಅಪ್ಪಂಗೆ ಮರೆವೇನಾದ್ರೂ ಶುರುವಾಗಿದ್ಯಾ? ಎಣಿಸ್ತಾ ಎಣಿಸ್ತಾ ಮಧ್ಯದಲ್ಲಿ ತಪ್ಪಿ ಹೋಗ್ತಿರಬಹುದು. ಸ್ವಲ್ಪ ಗಮನಿಸು" ಅಂದಳು. "ನಿನ್ನ ಬಾಯಿಗೆ ಬೀಗ ಹಾಕ" ಎಂದು ಬೈದು ಇಟ್ಟೆ. ಇಟ್ಟವಳೇ ಗಮನಿಸಲು ಶುರು ಮಾಡಿದೆ, ನನ್ನ ಬುದ್ಧಿಯೇ ಅಂಥದ್ದು.

ಗಮನಿಸಿದರೆ ಒಂದೊಂದೇ ಕಾಣಿಸತೊಡಗಿತು. ನಿನ್ನೆ ಬೆಳಿಗ್ಗೆ "ಸಕ್ಕರೆ ಡಬ್ಬಿ ಎಲ್ಲಿಟ್ಟಿದೀಯೇ?" ಅಂತ ಕೇಳಿದರು. ಮೂವತ್ತು ವರ್ಷದಿಂದ ಅದು ಒಲೆಯ ಮೇಲಿನ ಎತ್ತರದ ಹಲಗೆಯ ಮೇಲೇ ಇದೆ. ಇವತ್ತು ಚಳಿಯಲ್ಲಿ ನಡುಗುತ್ತಾ ದೋಣಿ ಹತ್ತಿದರು. ಸ್ವೆಟರ್ ಎಲ್ಲಿ ಎಂದರೆ, "ಮರೆತೆ." ಈ ಚಳಿಗಾಲವೆಲ್ಲ ಮರೆತೇ ಬಂದಿದ್ದಾರೆ ಅನ್ನುವುದು ಈಗ ನೆನಪಾಗುತ್ತಿದೆ.

ಊಟಕ್ಕೆ ಕೂತಾಗ ಮೆಲ್ಲಗೆ ಪರೀಕ್ಷೆ ಮಾಡಿದೆ. "ನಮ್ಮ ದೋಣಿಗೆ ಮೊದಲು ಯಾವ ಬಣ್ಣ ಇತ್ತು?" ಅಂದೆ. "ಹಸಿರು. ನೀನು ಅದರ ಡಬ್ಬದೊಳಗೆ ಕಾಲಿಟ್ಟು ಮನೆವರೆಗೂ ಹಸಿರು ಹೆಜ್ಜೆ ಹಾಕಿದ್ಯಲ್ಲ. ಯಾಕೆ?" ಅಂದರು. ಸುಮ್ಮನೆ ಅಂದೆ. ನನಗೇ ಮರೆತುಹೋಗಿತ್ತು ಅದು.

ಏನೊಂದೂ ತಿಳಿಯುತ್ತಿಲ್ಲ.

ಫೆಬ್ರವರಿ ೯

ಪಕ್ಕದ ದೋಣಿಯವನಿಗೆ ಬಾಯಿ ಮುಚ್ಚಿ ಗೊತ್ತಿಲ್ಲ, ಜೆಟ್ಟಿಯವರೆಲ್ಲ ಅವನನ್ನು ರೇಡಿಯೋ ಅನ್ನುತ್ತಾರೆ. ಇವತ್ತು ನಾನು ಹರಿದ ಬಲೆ ಬಿಡಿಸುತ್ತಾ ಕೂತಿದ್ದಾಗ ಬಂದ.

"ಅತ್ತಿಗೆ, ಯಾವ ಕಾಲದಲ್ಲಿದೀರಿ? ಅಣ್ಣ ಇನ್ನೂ ಗುಂಡು ಬಿಟ್ಕೊಂಡು ಕೂತಿದಾರೆ. ಒಂದು ಫಿಶ್ ಫೈಂಡರ್ ಹಾಕಿಸಿ. ತಳ ಕಾಣುತ್ತೆ, ಮೀನು ಕಾಣುತ್ತೆ, ಬಂಡೆ ಕಾಣುತ್ತೆ."

"ಎಲ್ಲಾ ಕಂಡೂ ನಿನ್ನ ಬುಟ್ಟಿ ಯಾಕಪ್ಪಾ ಖಾಲಿ?" ಅಂದೆ. ಹಲ್ಲು ಕಿರಿದು ಹೋದ.

ಆದರೆ ಅವನ ಮಾತು ತಲೆಯೊಳಗೆ ಕೂತುಬಿಟ್ಟಿತು. ಯಂತ್ರ ಇದ್ದರೆ ಇವರ ಎಣಿಕೆ ಎಲ್ಲಿ ತಪ್ಪುತ್ತದೆ ಅಂತ ನನಗೊಬ್ಬಳಿಗೇ ಗೊತ್ತಾಗುತ್ತದೆ. ತಪ್ಪುವುದು ನಿಜವಾದರೆ ದೋಣಿ ಬಿಡಿಸಬೇಕು. ಮರೆವಿನವರನ್ನು ಕಟ್ಟಿಕೊಂಡು ಸಮುದ್ರಕ್ಕೆ ಹೋಗುವುದಕ್ಕಾಗುತ್ತದೆಯೇ? ದೋಣಿ ಬಿಡಿಸಿದರೆ ಇವರು ಬೆಳಗಾದರೆ ಎದ್ದು ಎಲ್ಲಿಗೆ ಹೋಗುತ್ತಾರೆ ಅನ್ನುವುದನ್ನು ಯೋಚಿಸಲು ನನಗೆ ಭಯ.

ಫೆಬ್ರವರಿ ೧೩

ಯಂತ್ರದ ಅಂಗಡಿಗೆ ಹೋಗಿದ್ದೆವು. ಇವರು ಒಳಗೆ ಬರಲಿಲ್ಲ, ಬಾಗಿಲಲ್ಲಿ ನಿಂತು ಬೀದಿ ನೋಡುತ್ತಿದ್ದರು.

ಗೋಡೆ ತುಂಬ ಪರದೆಗಳು. ಎಲ್ಲದರಲ್ಲೂ ಒಂದೇ ಮೀನು, ಒಂದೇ ಕಡೆಗೆ ಓಡುತ್ತಿತ್ತು. ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡ ಅಂಗಡಿಯವನು ಕೇಳಲು ಶುರು ಮಾಡಿದ. ಎಷ್ಟು ಇಂಚು? ಎಷ್ಟು ಕಿಲೋಹರ್ಟ್ಸ್? ಕೆಳಗೆ ಮಾತ್ರ ನೋಡೋದಾ, ಪಕ್ಕಕ್ಕೂ ನೋಡೋದಾ? ಹಲಗೆಗೆ ತೂತು ಮಾಡಿ ಕೂರಿಸೋದಾ, ದೋಣಿಯ ಹಿಂಬದಿಗೆ ತಗುಲಿಸೋದಾ? ಹೆಣ್ಣು ನೋಡಲು ಬಂದವರೂ ಇಷ್ಟು ಪ್ರಶ್ನೆ ಕೇಳುವುದಿಲ್ಲ.

"ನೋಡಪ್ಪಾ, ಇದು ಮೊದಲು ಏನು ಮಾಡುತ್ತೆ ಅಂತ ಹೇಳು" ಅಂದೆ.

"ಏನಿಲ್ಲಮ್ಮಾ. ಈ ಗುಂಡಿ ನೀರೊಳಗಿರುತ್ತೆ. ಇದು ಕೆಳಗೆ ಒಂದು ಸದ್ದು ಬಿಡುತ್ತೆ. ಸದ್ದು ತಳಕ್ಕೆ ತಾಗಿ ವಾಪಸ್ ಬರುತ್ತೆ. ಎಷ್ಟು ಬೇಗ ವಾಪಸ್ ಬಂತು ಅನ್ನೋದರ ಮೇಲೆ ಆಳ ಗೊತ್ತಾಗುತ್ತೆ."

ಹಾಗಾದರೆ ಬಾಗಿಲಲ್ಲಿ ನಿಂತವರ ಆಳ ಈ ಜನ್ಮದಲ್ಲಿ ಗೊತ್ತಾಗುವುದಿಲ್ಲ, ಎಷ್ಟು ಕೂಗಿದರೂ ಅಲ್ಲಿಂದ ಏನೂ ವಾಪಸ್ ಬರುವುದಿಲ್ಲ ಅಂದುಕೊಂಡೆ.

ಕೊನೆಗೆ ಅವನೇ ಕೇಳಿದ, "ಬಲೆ ಎಷ್ಟು ಆಳಕ್ಕೆ ಬಿಡ್ತೀರಿ?" ಹದಿನಾರು ಮಾರು ಅಂದೆ. ಹಾಗಾದರೆ ದೊಡ್ಡದು ಬೇಡ, ಪಕ್ಕಕ್ಕೆ ನೋಡೋದು ಬೇಡ, ಬಿಸಿಲಲ್ಲಿ ಚೆನ್ನಾಗಿ ಕಾಣುವ ಪರದೆ ಇದ್ದರೆ ಸಾಕು ಎಂದು ಒಂದನ್ನು ತೆಗೆದುಕೊಟ್ಟ. ಗೋಡೆಯ ಮೇಲಿದ್ದವುಗಳಲ್ಲೆಲ್ಲ ಅದೇ ಚಿಕ್ಕದು. ಎಷ್ಟು ಕೊಟ್ಟೆ ಅಂತ ಬರೆಯುವುದಿಲ್ಲ, ಬರೆದರೆ ಹೊಟ್ಟೆ ಉರಿಯುತ್ತದೆ.

ದಾರಿಯಲ್ಲಿ ಇವರು ಕೇಳಿದ್ದು ಒಂದೇ ಮಾತು. "ಇದು ನನ್ನ ಮೇಲೆ ಕಾವಲಿಗಾ?"

ಅಲ್ಲ ಅಂದೆ. ಸುಳ್ಳು ಹೇಳುವಾಗ ನನ್ನ ದನಿ ಸಣ್ಣಗಾಗುತ್ತದೆ ಅಂತ ಇವರಿಗೆ ಗೊತ್ತಿದೆ.

ಫೆಬ್ರವರಿ ೧೮

ಅಂಗಡಿಯವನು ಬಂದು ಯಂತ್ರ ಕೂರಿಸಿದ. ಪರದೆ ಚುಕ್ಕಾಣಿಯ ಪಕ್ಕ, ಸದ್ದಿನ ಗುಂಡಿ ದೋಣಿಯ ಹಿಂಬದಿಯಲ್ಲಿ ನೀರೊಳಗೆ. ವೈರು ಎಳೆಯಲು ಅಡ್ಡ ಬಂತೆಂದು ಒಳಬದಿಯ ಹಲಗೆಯ ಹಿತ್ತಾಳೆ ಮೊಳೆಯೊಂದನ್ನು ಕೀಳಲು ಹೊರಟ. ಅಲ್ಲಿ ಅಂಥ ಎರಡು ಮೊಳೆಗಳಿವೆ. ನಾನು ಈ ಮನೆಗೆ ಬರುವ ಮೊದಲಿಂದಲೂ ಇವೆ. ಒಂದಕ್ಕೆ ನನ್ನ ಟವೆಲ್ಲು, ಇನ್ನೊಂದಕ್ಕೆ ಚಹಾದ ಕೆಟಲ್ಲು.

"ಮೊಳೆ ಮುಟ್ಟಬೇಡ!" ಎಂದು ಇವರು ಗುಡುಗಿದರು. ಪಾಪ, ಅವನ ಕೈಯಿಂದ ಇಕ್ಕಳ ಬಿತ್ತು. ಎರಡು ಮೊಳೆಗೆ ಇಷ್ಟು ಸಿಟ್ಟೇ? ಹಿಂದೆ ಹೀಗೆ ಸಿಟ್ಟು ಮಾಡಿದವರಲ್ಲ. ಮಗಳಿಗೆ ಹೇಳಿದರೆ ಇದನ್ನೂ ಒಂದು ಲಕ್ಷಣ ಅನ್ನುತ್ತಾಳೆ.

ಫೆಬ್ರವರಿ ೧೯

ಅಯ್ಯೋ ದೇವರೇ, ಎಷ್ಟು ಮೀನು! ಪರದೆ ತುಂಬ ಪುಟ್ಟ ಪುಟ್ಟ ಮೀನಿನ ಚಿತ್ರ, ಒಂದೊಂದಕ್ಕೂ ಟೀಂಯ್ ಟೀಂಯ್ ಅಂತ ಸದ್ದು. ಬಲೆ ಬಿಡಿ ಬಲೆ ಬಿಡಿ ಎಂದು ನಾನೇ ಬೊಬ್ಬೆ ಹೊಡೆದೆ. ಇವರು ನನ್ನ ಮುಖ ನೋಡಿ ಬಿಟ್ಟರು.

ಎಳೆದಾಗ ಒಂದು ಚಪ್ಪಲಿ. ಎಡಗಾಲಿನದು.

ಫೆಬ್ರವರಿ ೨೩

ಯಂತ್ರದ ಜೊತೆ ಬಂದ ಪುಸ್ತಕ ಓದಿದೆ. ಪಾಚಿ ಕಂಡರೂ, ನೊರೆ ಕಂಡರೂ ಈ ಯಂತ್ರ ಮೀನಿನ ಚಿತ್ರವನ್ನೇ ಬರೆಯುತ್ತದಂತೆ. ನಮ್ಮ ಎಂಜಿನ್ನಿನ ಪಂಖ ಎಬ್ಬಿಸಿದ ಗುಳ್ಳೆಗಳನ್ನು ನೋಡಿಕೊಂಡೇ ಮೊನ್ನೆ ನಾನು ಕುಣಿದದ್ದು. ಇವರಿಗೆ ಹೇಳಲಿಲ್ಲ. ಅಂಗಡಿಯವನನ್ನು ಕರೆಸಿ ಗುಂಡಿಯನ್ನು ಪಂಖದಿಂದ ದೂರ ಹಾಕಿಸಿದೆ, ಮೀನಿನ ಚಿತ್ರವನ್ನೂ ತೆಗೆಸಿದೆ. ಈಗ ಬರೀ ಗೆರೆಗಳು, ಕೆಂಪು ಹಳದಿ ನೀಲಿ. ಸೀರೆ ಅಂಗಡಿಯಲ್ಲಿ ಬಿಚ್ಚಿ ಹಾಕಿದ ಹಾಗೆ ಕಾಣುತ್ತದೆ, ಅರ್ಥ ಮಾತ್ರ ಸೊನ್ನೆ.

ಹೋಗುವಾಗ ಅವನು ಕೇಳಿದ, "ಅಮ್ಮಾ, ಆಳ ಅಡೀಲಿ ಬರ್ತಿದೆ. ಹಾಗೇ ಇರಲಾ?"

"ಬೇಡ. ಮಾರು."

ಅವನು ಗಾಬರಿಯಾದ. "ಮಾರೋದಾ? ಹತ್ತು ದಿನ ಆಗಿಲ್ಲ ತಗೊಂಡು! ಯಾರು ತಗೋತಾರೆ?"

ನಾನು ನಕ್ಕೆ. ಇವರೂ ನಕ್ಕರು. ಈ ತಿಂಗಳಲ್ಲಿ ಇವರು ನಕ್ಕದ್ದು ಇದೇ ಮೊದಲು. ಕೈ ಚಾಚಿ ತೋರಿಸಿ ಹೇಳಿದ ಮೇಲೆ ಅವನಿಗೆ ತಿಳಿಯಿತು. "ಓ, ಫ್ಯಾದಮ್ಮು. ಆರಡಿಗೆ ಒಂದು" ಎಂದು ಏನೋ ಒತ್ತಿದ.

ಮಧ್ಯಾಹ್ನ ಅಜ್ಜಿಬೆನ್ನಿಗೆ ಹೋದೆವು. ಟ್ಯಾಂಕು ಚಿಮಣಿಯ ಹಿಂದೆ ಮರೆಯಾಯಿತು. ಇವರು ಗುಂಡು ಬಿಟ್ಟರು. ನಾನು ಪರದೆಯ ಮುಂದೆ ನಿಂತೆ.

"ಮಾರು," ಎಂದರು. ಕಾದೆ. "ಹದಿನಾರು."

ಪರದೆಯಲ್ಲಿ ಹದಿನಾಲ್ಕು.

ಬಲೆ ಬಿಡಲಿಲ್ಲ. ಗಾಳಿ ಸರಿಯಿಲ್ಲ ಎಂದು ನಾನು ಸುಳ್ಳು ಹೇಳಿ ವಾಪಸ್ ಕರೆತಂದೆ. ಎಲೆಯೂ ಅಲುಗದಂಥ ದಿನ.

ಫೆಬ್ರವರಿ ೨೬

ಮೂರು ದಿನದಿಂದ ಇದೇ ಆಟ. ಇವರು ಹದಿನಾರು ಎಂದರೆ ಅದು ಹದಿನಾಲ್ಕು. ಇವರು ಇಪ್ಪತ್ತನಾಲ್ಕು ಎಂದರೆ ಅದು ಇಪ್ಪತ್ತೊಂದು. ಮರೆತು ತಪ್ಪುವವರು ಒಮ್ಮೆ ಹೆಚ್ಚು ಹೇಳಬೇಕು, ಒಮ್ಮೆ ಕಡಿಮೆ ಹೇಳಬೇಕು. ಇವರು ಯಾವಾಗಲೂ ಹೆಚ್ಚೇ. ಹಾಗಾದರೆ ಯಂತ್ರದ್ದೇ ತಪ್ಪಿರಬೇಕಲ್ಲ?

ಜೆಟ್ಟಿಯ ಪಕ್ಕದಲ್ಲೇ ಪರೀಕ್ಷೆ ಮಾಡಿದೆವು. ಅಂಗಡಿಯವನು ಉದ್ದದ ಕೋಲು ಇಳಿಸಿ ಟೇಪು ಹಿಡಿದ. ಹನ್ನೆರಡು ಅಡಿ, ಯಂತ್ರದಲ್ಲಿ ಎರಡು ಮಾರು. ಇವರು ಗುಂಡು ಬಿಟ್ಟು ಎಳೆದು, "ಎರಡು ಮಾರು ಚಿಲ್ಲರೆ" ಅಂದರು.

"ನೋಡಿ, ಇಬ್ಬರದೂ ಸರಿ ಇದೆಯಲ್ಲ" ಎಂದು ಅವನು ಕೈ ತೊಳೆದುಕೊಂಡು ಹೋದ. ಇಬ್ಬರದೂ ಸರಿ ಇದ್ದರೆ ದೂರ ಹೋದಾಗ ಇಬ್ಬರೂ ಯಾಕೆ ಜಗಳವಾಡುತ್ತಾರೆ? ನನ್ನ ತಲೆ ಕೆಟ್ಟು ಮೊಸರಾಗಿದೆ.

"ಮೂವತ್ತು ವರ್ಷ ನನ್ನ ಕೈಯ್ಯನ್ನ ನಂಬಿದೀಯ. ಹತ್ತು ದಿನದ ಡಬ್ಬೀನ ನಂಬ್ತೀಯೋ, ನನ್ನನ್ನ ನಂಬ್ತೀಯೋ?" ಎಂದು ಇವರು ಕೇಳಿದರು. ಜಗಳದ ದನಿಯಲ್ಲಿ ಕೇಳಿದ್ದರೆ ನಾನೂ ಜಗಳವಾಡುತ್ತಿದ್ದೆ. ಹಾಗೆ ಕೇಳಲಿಲ್ಲ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದರು.

ಮಾರ್ಚ್ ೧

ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಪುಸ್ತಕದಲ್ಲಿ ತಿದ್ದುಪಡಿ ಅಂತ ಒಂದು ಪುಟ ಇದೆ. ಸದ್ದಿನ ಗುಂಡಿ ನೀರಿನೊಳಗೆ ಎಷ್ಟು ಕೆಳಗಿದೆಯೋ ಅಷ್ಟನ್ನು ಆಳಕ್ಕೆ ಸೇರಿಸಿಕೊಳ್ಳಬಹುದಂತೆ. ಇವರು ಡೀಸೆಲ್ ತರಲು ಹೋದಾಗ ನಾನು ಆ ಪುಟ ತೆಗೆದು, ಮೇಲ್ಮುಖದ ಬಾಣದ ಬಟನ್ ಒತ್ತಿ ಒತ್ತಿ, ಎರಡು ಮಾರು ಸೇರಿಸಿಬಿಟ್ಟೆ. ಈಗ ಅದೂ ಹದಿನಾರು ಅನ್ನುತ್ತದೆ. ಜೆಟ್ಟಿಯ ಪಕ್ಕ ಎರಡು ಮಾರಿನ ನೀರಿಗೆ ನಾಲ್ಕು ತೋರಿಸುತ್ತಿತ್ತು, ನಾನು ಅದರ ಮೇಲೆ ಟವೆಲ್ಲು ಹಾಕಿದೆ.

ಇವರು ಅಜ್ಜಿಬೆನ್ನಿನಲ್ಲಿ ಗುಂಡು ಎಳೆದು "ಹದಿನಾರು" ಎಂದಾಗ, "ಇದರಲ್ಲೂ ಹದಿನಾರೇರೀ!" ಎಂದು ಕೂಗಿದೆ. ಬಂದು ನೋಡಿದರು. ನೋಡಿ, ನನ್ನ ಬೆನ್ನ ಮೇಲೆ ಒಂದು ಏಟು ಕೊಟ್ಟರು, ಖುಷಿಯಾದಾಗ ಕೊಡುವಂಥದ್ದು. ಹೊತ್ತಾಗಿದ್ದರಿಂದ ಬಲೆ ನಾಳಿದ್ದು ಬಿಡೋಣ ಎಂದರು. ದಾರಿಯುದ್ದಕ್ಕೂ ಸಿಳ್ಳೆ ಹಾಕಿದರು. ಆ ಸಿಳ್ಳೆ ಕೇಳಿ ಎಷ್ಟು ದಿನವಾಗಿತ್ತೋ.

ಮಾರ್ಚ್ ೩

ಮೂರನೇ ಬಲೆ. ಹೊಸದು. ಬಂಡೆಗೆ ಸಿಕ್ಕಿ ಪೂರ್ತಿ ಹೋಯಿತು, ಹಗ್ಗ ಕಡಿಯಬೇಕಾಯಿತು.

ನಾನೇ ಮಾಡಿದ್ದು.

ಮಾರ್ಚ್ ೪

ಬರೆಯಲು ಮನಸ್ಸಿಲ್ಲ. ಪುಸ್ತಕದ ಮೂವತ್ತೊಂದನೇ ಪುಟದಲ್ಲಿ ಇದೆ, ತಳದ ಕೆಂಪು ಗೆರೆ ದಪ್ಪಗಿದ್ದರೆ ಕಲ್ಲು, ತೆಳ್ಳಗೆ ಮಸುಕಾಗಿದ್ದರೆ ಕೆಸರು ಅಂತ. ನಿನ್ನೆ ಗೆರೆ ಹೆಬ್ಬೆರಳಿನಷ್ಟು ದಪ್ಪ ಇತ್ತು. ಯಂತ್ರ ತನ್ನ ಕೈಲಾದ ಮಟ್ಟಿಗೆ ಕಿರುಚಿಕೊಂಡಿತ್ತು.

ಮಾರ್ಚ್ ೬

ಬಲೆಯಿಲ್ಲದಿದ್ದರೂ ದೋಣಿ ತೆಗೆದರು. ಯಾಕೆ ಎಂದು ನಾನು ಕೇಳಲಿಲ್ಲ. ಅಜ್ಜಿಬೆನ್ನಿಗೆ ಬಂದು ಎಂಜಿನ್ ನಿಲ್ಲಿಸಿದರು. ಗುಂಡು ಬಿಡಲಿಲ್ಲ, ಹಗ್ಗದ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ನೋಡುತ್ತಾ ಕೂತರು. ನಾನು ಹಿಂದೆ ಕೆಟಲ್ಲು ತೊಳೆಯುತ್ತಿದ್ದೆ.

"ಮಾರು," ಎಂದರು.

ಅಭ್ಯಾಸ ನೋಡಿ, ಕೈಯಲ್ಲಿದ್ದುದನ್ನು ಬಿಟ್ಟು ಸಂಖ್ಯೆಗೆ ಕಾದೆ. ಬರಲಿಲ್ಲ.

"ಎಷ್ಟು?" ಅಂದೆ.

"ಎಷ್ಟಕ್ಕಾದ್ರೂ ಸರಿ."

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ದೋಣಿ ಮಾರುವ ಮಾತು ಅದು.

"ನಂಗೆ ಎಣಿಸೋಕೂ ಬರ್ತಿಲ್ಲ. ಡಬ್ಬಿ ಸರಿ ಹೇಳಿದ್ರೂ ನನ್ನ ಕೈಯ್ಯಿಂದ ಬಲೆ ಬಂಡೆ ಮೇಲೇ ಬೀಳುತ್ತೆ. ಸಾಕು ಕಣೇ" ಅಂದರು. ಡಬ್ಬಿ ಸರಿ ಹೇಳಿರಲಿಲ್ಲ, ನಾನು ಹೇಳಿಸಿದ್ದೆ. ಅದನ್ನು ಆ ಗಳಿಗೆಯಲ್ಲೇ ಬಾಯಿಬಿಟ್ಟು ಹೇಳಬೇಕಿತ್ತು. ಕೆಟಲ್ಲು ತೊಳೆಯುತ್ತಲೇ ಇದ್ದೆ, ಹೇಡಿ ನಾನು.

ಮಾರ್ಚ್ ೮

ದೋಣಿ ಕೊಳ್ಳುವವನು ಬಂದಿದ್ದ. ಟೇಪು ಹಿಡಿದು ಮೂತಿಯಿಂದ ಬಾಲದವರೆಗೆ ಅಳೆದ. ಹಲಗೆಗಳನ್ನು ತಟ್ಟಿ ನೋಡಿದ. ಇವರು ಅವನ ಹಿಂದೆ ಹಿಂದೆ ಹೋಗುತ್ತಾ, ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಕೊಡುತ್ತಿದ್ದರು.

"ಈ ಮೊಳೆ ಎರಡು ಯಾಕೆ ಯಜಮಾನ್ರೇ?"

"ಅದಾ? ಅದು ನನ್ನ ಮಾರಿನ ಅಳತೆ. ದೋಣಿ ತಂದ ದಿನ ಹೊಡ್ಕೊಂಡೆ, ಇಪ್ಪತ್ತಾರು ವರ್ಷ ನಂಗೆ ಆಗ. ಈ ಬೆರಳಿಂದ ಆ ಬೆರಳಿಗೆ ಸರಿಯಾಗಿ ಆರಡಿ. ನೋಡಿ ಬೇಕಾದ್ರೆ."

ಬಲಗೈಯ ನಡುಬೆರಳನ್ನು ಒಂದು ಮೊಳೆಗೆ ತಾಗಿಸಿ ಎಡಗೈ ಚಾಚಿದರು. ಬೆರಳು ಮೊಳೆಗೆ ಮುಟ್ಟಲಿಲ್ಲ. ಒಂದು ಗೇಣು ದೂರದಲ್ಲೇ ನಿಂತಿತು. ಇನ್ನೂ ಚಾಚಿದರು, ಕತ್ತಿನ ನರ ಉಬ್ಬಿತು, ಹಣೆಯಲ್ಲಿ ಬೆವರು ಬಂತು. ತಿರುಗಿ ನಿಂತು ಕೈ ಬದಲಿಸಿದರು. ಆಗಲೂ ಒಂದು ಗೇಣು. ಎಡಭುಜ ಮೇಲೇಳುತ್ತಲೇ ಇರಲಿಲ್ಲ.

ಕೊಳ್ಳುವವನು ಅಷ್ಟರಲ್ಲಿ ಎಂಜಿನ್ ಕಡೆ ಹೋಗಿದ್ದ. ಇವರು ಆ ಮೊಳೆಯನ್ನೇ ನೋಡುತ್ತಾ ನಿಂತರು. ನಾನು ಇವರನ್ನು ನೋಡುತ್ತಾ ನಿಂತೆ. ಸಕ್ಕರೆ ಡಬ್ಬಿ, ತಲೆಯ ಮೇಲಿಂದ ಹಾಕಿಕೊಳ್ಳುವ ಸ್ವೆಟರ್, ಎಲ್ಲ ಒಟ್ಟಿಗೆ ನುಗ್ಗಿ ಬಂದವು. ಬಲೆಪೆಟ್ಟಿಗೆಯ ಮೇಲೆ ಕೂತುಬಿಟ್ಟೆ.

"ದೋಣಿ ಕೊಡಲ್ಲಪ್ಪಾ. ಬಂದಿದ್ದಕ್ಕೆ ಚಹಾ ಕುಡಿದು ಹೋಗು" ಎಂದು ಅವನಿಗೆ ಹೇಳಿದೆ. ಇವರನ್ನು ಒಂದು ಮಾತು ಕೇಳದೆ ಹೇಳಿಬಿಟ್ಟೆ, ನನ್ನ ನಾಲಿಗೆಯೇ ಹಾಗೆ. ಇವರು ಕೆಟಲ್ಲು ತೆಗೆದು ನನ್ನ ಕೈಗಿಟ್ಟರು.

ಮಾರ್ಚ್ ೯

ಹೊಲಿಗೆಯ ಟೇಪು ಹಿಡಿದು ಇವರನ್ನು ಅಡಿಗೆಮನೆಯ ಗೋಡೆಗೆ ನಿಲ್ಲಿಸಿದೆ. ಈಗಿನ ಮಾರು ಐದಡಿ ಮೂರಿಂಚು. ಹದಿನಾರು ಸಲ ಎಣಿಸಿದರೆ ಎಷ್ಟಾಗುತ್ತದೆ ಎಂದು ಈ ಡೈರಿಯ ಹಿಂದಿನ ಪುಟದಲ್ಲಿ ಕೂಡಿದೆ. ಎಂಬತ್ತನಾಲ್ಕು ಅಡಿ. ಎಂಬತ್ತನಾಲ್ಕನ್ನು ಆರರಿಂದ ಭಾಗಿಸಿದರೆ ಹದಿನಾಲ್ಕು. ಇಪ್ಪತ್ತನಾಲ್ಕು ಸಲದ್ದೂ ಮಾಡಿ ನೋಡಿದೆ, ಸರಿಯಾಗಿ ಇಪ್ಪತ್ತೊಂದು ಬಂತು. ಯಂತ್ರ ತಪ್ಪಿರಲಿಲ್ಲ. ಇವರೂ ಒಂದೇ ಒಂದು ಸಲ ಎಣಿಕೆ ತಪ್ಪಿರಲಿಲ್ಲ. ಪೆನ್ನು ಕೆಳಗಿಟ್ಟು ಅತ್ತೆ. ಖುಷಿಗೆ ಅತ್ತೆನೋ ಸಿಟ್ಟಿಗೆ ಅತ್ತೆನೋ ಈಗಲೂ ಗೊತ್ತಿಲ್ಲ.

"ಯಾವಾಗಿಂದ?" ಎಂದೆ.

"ಹೋದ ವರ್ಷ ಐಸ್ ಕಾರ್ಖಾನೇಲಿ ಜಾರಿದ್ನಲ್ಲ, ಆವಾಗಿಂದ."

"ಬಾಯಿ ಇರಲಿಲ್ವಾ ಹೇಳೋಕೆ? ಮರೆವು ಅಂದ್ಕೊಂಡು ನನ್ನ ಜೀವ ಬಾಯಿಗೆ ಬಂದಿತ್ತು!"

"ಮರೆವು ಅಂದ್ರೆ ನೀನು ಕನಿಕರ ಪಡ್ತೀಯ. ಕೈ ಆಗಲ್ಲ ಅಂದ್ರೆ ದೋಣಿ ಬಿಡಿಸ್ತೀಯ. ಅದಕ್ಕೇ ಮರೆತೆ ಮರೆತೆ ಅಂತ ಹೇಳ್ತಾ ಬಂದೆ. ಕೈ ನೋಯುತ್ತೆ ಅಂತ ಗೊತ್ತಿತ್ತು ಕಣೇ. ಗಿಡ್ಡ ಆಗಿದೆ ಅಂತ ಮಾತ್ರ ಆಣೆಗೂ ಗೊತ್ತಿರಲಿಲ್ಲ."

ಮರೆವಿನವರ ದೋಣಿಯನ್ನೇ ಬಿಡಿಸಬೇಕು ಅಂತ ನಾನು ಲೆಕ್ಕ ಹಾಕುತ್ತಿದ್ದರೆ, ಇವರು ಅದೇ ಮರೆವಿನ ಹಿಂದೆ ಅಡಗಿ ಕೂತಿದ್ದರು. ಎಂಥ ಜೋಡಿ ನಮ್ಮದು! ಆಮೇಲೆ ನಾನೂ ನನ್ನದನ್ನು ಕಕ್ಕಿದೆ. ಎರಡು ಮಾರು ಸೇರಿಸಿದ್ದು, ಮೂರನೇ ಬಲೆ ಹೋದದ್ದು ನನ್ನಿಂದ ಅನ್ನುವುದು, ಎಲ್ಲವನ್ನೂ. ಬೈಯುತ್ತಾರೆ ಅಂದುಕೊಂಡೆ.

"ಆ ಯಂತ್ರಕ್ಕೂ ನನ್ನ ಪರವಾಗಿ ಸುಳ್ಳು ಹೇಳೋಕೆ ಕಲಿಸಿದ್ಯಲ್ಲೇ, ಗಟ್ಟಿಗಿತ್ತಿ" ಅಂದರು. ಎದ್ದುಹೋಗಿ ಮುಖ ತೊಳೆದುಕೊಂಡು ಬಂದರು, ಕಣ್ಣು ಕೆಂಪಗಿತ್ತು. ತಿದ್ದುಪಡಿಯನ್ನು ಇಬ್ಬರೂ ಸೇರಿ ಸೊನ್ನೆಗೆ ತಂದೆವು. ನಾನು ಸಕ್ಕರೆ ಡಬ್ಬಿಯನ್ನು ಕೆಳಗಿನ ಹಲಗೆಗೆ ಇಟ್ಟೆ.

ಮಾರ್ಚ್ ೧೫

ಬರೆಯಲು ಪುರುಸೊತ್ತಿಲ್ಲ. ಬೆಳಿಗ್ಗೆ ಮೂಳೆ ಡಾಕ್ಟರ ಬಳಿ. ಭುಜ ಬಿಗಿದುಕೊಂಡಿದೆ, ವ್ಯಾಯಾಮ ಮಾಡಿದರೆ ಸ್ವಲ್ಪ ಸಡಿಲವಾಗಬಹುದು, ಮೊದಲಿನಂತಾಗುವುದು ಅನುಮಾನ ಅಂದರು. ಹಗ್ಗ ಎಳೆಯಬಾರದು ಅಂತಲೂ ಅಂದರು. ಮಧ್ಯಾಹ್ನ ಹಳೇ ಬಲೆಗಳ ಚೂರು ಸೇರಿಸಿ ಒಂದು ಬಲೆ ಹೊಲಿಯುವುದು. ಸಂಜೆ ಇವರು ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಎಲ್ಲೆಲ್ಲಿ ಎಷ್ಟು ಮಾರು, ತಳ ಏನು, ದಡದಲ್ಲಿ ಯಾವುದು ಯಾವುದಕ್ಕೆ ಮರೆಯಾಗಬೇಕು. ಈ ಡೈರಿಯ ಜೂನ್ ಜುಲೈ ಪುಟಗಳೆಲ್ಲ ತುಂಬಿದವು. ನಲವತ್ತೆರಡು ಜಾಗ, ಒಂದರ ಬಳಿಯೂ ತಡವರಿಸಲಿಲ್ಲ. ಮಗಳಿಗೆ ಫೋನ್ ಮಾಡಿ, ನಿಮ್ಮಪ್ಪನ ಮರೆವಿನ ವಿಷಯ ಕೇಳು ಬಾ ಎಂದು ಅರ್ಧ ಗಂಟೆ ಓದಿ ಹೇಳಿದೆ. ಆ ಕಡೆಯಿಂದ ಮೂಗು ಒರೆಸಿಕೊಳ್ಳುವ ಸದ್ದು ಕೇಳಿಸಿತು.

ಕೆಂಪು ಗೆರೆ ಈಗ ಸ್ವಲ್ಪ ತಿಳಿಯುತ್ತದೆ. ಹಳದಿ ಇನ್ನೂ ಗೊಂದಲ.

ಮಾರ್ಚ್ ೨೨

ಇವತ್ತು ಅಜ್ಜಿಬೆನ್ನಿಗೆ ಹೋಗಿದ್ದೆವು. ಇವರ ಭುಜಕ್ಕೆ ಪಟ್ಟಿ ಇರುವುದರಿಂದ ಚುಕ್ಕಾಣಿ ನನ್ನ ಕೈಗೆ ಬಂದಿದೆ, ಬೆನ್ನು ನೋಯುತ್ತದೆ. ದಾರಿಯಲ್ಲಿ ರೇಡಿಯೋ ತನ್ನ ದೋಣಿಯಿಂದ ಕೂಗಿದ, "ಅತ್ತಿಗೆ, ಯಜಮಾನ್ರು ಎಲ್ಲಿ? ಬಲೆ ಎಲ್ಲಿ ಬಿಡ್ತಾರಂತೆ ಇವತ್ತು?"

"ಯಜಮಾನಿ ಅಲ್ಲೇ ನಿಂತಿದಾಳಲ್ಲೋ, ಅವಳನ್ನೇ ಕೇಳು!" ಎಂದು ಇವರು ಹಿಂದಿನಿಂದ ಕೂಗಿದರು. ಏನಾದರೊಂದು ತಮಾಷೆ ಮಾಡದಿದ್ದರೆ ಇವರಿಗಾಗುವುದಿಲ್ಲ.

ಟ್ಯಾಂಕು ಚಿಮಣಿಯ ಹಿಂದೆ ಮರೆಯಾಯಿತು. ಯಂತ್ರ ಹದಿನಾಲ್ಕು ಎಂದಿತು, ಗೆರೆ ದಪ್ಪ. ಮೆಲ್ಲಗೆ ಮುಂದೆ ಹೋದೆ. ಹದಿನೈದು. ಹದಿನಾರು, ಗೆರೆ ತೆಳ್ಳಗಾಗಿ ಮಸುಕಾಯಿತು. ಎಂಜಿನ್ ನಿಲ್ಲಿಸಿದೆ. ಮೂರು ಬಲೆ ನುಂಗಿದ ಜಾಗ ಇದು, ಯಂತ್ರವೊಂದನ್ನೇ ನಂಬಲು ಧೈರ್ಯ ಬರಲಿಲ್ಲ. ಗುಂಡು ತೆಗೆದುಕೊಂಡು ನಾನೇ ಬಿಟ್ಟೆ. ತಳ ಮುಟ್ಟಿತು. ಕೈ ಚಾಚಿ ಚಾಚಿ ಎಳೆದೆ, ಎಣಿಸಿದೆ. ಹಗ್ಗ ಇಷ್ಟು ಭಾರ ಅಂತ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

"ಮಾರು," ಎಂದೆ. ಏದುಸಿರು ಬಿಡುತ್ತಾ ನಿಂತೆ.

ಇವರು ಹಿಂದೆ ಬಲೆ ಹಿಡಿದು ಕಾಯುತ್ತಿದ್ದರು. "ಎಷ್ಟು?"

"ಹದಿನೆಂಟು. ಮೇಲೊಂದು ಮೊಳ."

ಯಂತ್ರ ಮತ್ತೆ ಬೇರೆ ಹೇಳುತ್ತಿದೆಯಲ್ಲ ಅಂತ ಪರದೆಯ ಕಡೆ ತಿರುಗಿದೆ. ಇವರು ಕಣ್ಣು ಮುಚ್ಚಿ ಒಂದು ಗಳಿಗೆ ತುಟಿ ಅಲ್ಲಾಡಿಸಿದರು. "ಅಂದ್ರೆ ತೊಂಬತ್ತಾರು ಅಡಿ. ಹಾಗಾದ್ರೆ ಹದಿನಾರೇ, ಸರಿ ಇದೆ" ಅಂದರು.

"ಅದು ಹೇಗ್ರೀ?"

"ನಿನ್ನ ಮಾರೂ ಐದಡಿ ಮೂರಿಂಚೇ. ಈಗ ಇಬ್ಬರದೂ ಒಂದೇ ಅಳತೆ."

"ನನ್ನ ಮಾರು ಯಾವಾಗ ಅಳೆದ್ರಿ ನೀವು?"

"ಮೂವತ್ತೊಂದು ವರ್ಷ ಆಯ್ತು ಕಣೇ ಆ ಕೈ ನನ್ನ ಸುತ್ತ ಬಂದು. ಅಷ್ಟೂ ಗೊತ್ತಾಗಲ್ವಾ?" ಎಂದು ಬಲೆಯ ಅಂಚನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದರು. "ಬಿಡ್ಲಾ?"

"ಬಿಡಿ," ಎಂದೆ.

ಬಲೆ ಒಂದು ಎಳೆಯೂ ಹರಿಯದೆ ವಾಪಸ್ ಬಂತು, ಭಾರವಾಗಿಯೇ ಬಂತು. ಚಹಾ ಇವತ್ತು ಇವರದೇ, ಮನೆಯಿಂದ ಮಾಡಿ ತಂದಿದ್ದರು. ಬಾಯಿಗಿಡಲಾಗದಷ್ಟು ಸಿಹಿ. ಸಕ್ಕರೆ ಡಬ್ಬಿಯನ್ನು ಕೆಳಗಿಟ್ಟದ್ದೇ ತಪ್ಪಾಯಿತು.